ಟೀಚರಲ್ಲಿ ಕೇಳಿ: ಹೊಳೆಯ ಮೇಲೆ ಒಂದು ಹಗಲು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ದೋಣಿಯವೇ. ಕ್ರಿಸ್ಮಸ್ ರಜೆ ಹತ್ತಿರ ಬಂತಲ್ಲ! ಉಳಿದವನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಅಡಿಕೆಯ ಕೊಳೆರೋಗಕ್ಕೆ ಮದ್ದು ಕೇಳಿದವರು ಮಾತ್ರ ನನ್ನ ಉತ್ತರ ಕಾಯಬೇಡಿ. ಅದಕ್ಕೆ ನಿವೃತ್ತ ಭೂಗೋಳ ಟೀಚರಿಗಿಂತ ಇಲ್ಲೇ ಕಾಸರಗೋಡಿನ ಕೂಡ್ಲುವಿನಲ್ಲಿರುವ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಮೇಲು.

ಪ್ರಶ್ನೆ: ಟೀಚರಿಗೆ ನಮಸ್ಕಾರ. ಮನೆಯವರು ನಾವು ಎಂಟು ಜನ. ಇಬ್ಬರು ಮಕ್ಕಳು, ಜೊತೆಗೆ ಎಪ್ಪತ್ತು ದಾಟಿದ ನಮ್ಮ ಅತ್ತೆ. ತುಂಗಭದ್ರೆಯ ದಡದಲ್ಲೇ ಇದ್ದರೂ ಹೊಳೆಯ ಮೇಲೆ ಇಡೀ ದಿನ ಕಳೆದದ್ದಿಲ್ಲ. ಪಯಸ್ವಿನಿಯಲ್ಲಿ ಸುಳ್ಯದಿಂದ ಕಾಸರಗೋಡಿನ ಕಡಲಿನವರೆಗೆ ಖಾಸಗಿ ದೋಣಿ ಮಾಡಿಕೊಂಡು ಒಂದೇ ದಿನದಲ್ಲಿ ಇಳಿದು ಬರಬೇಕೆಂದು ಆಸೆ. ಆಗುತ್ತದೆಯೇ?
— ಹರಿಹರದ ಓದುಗರೊಬ್ಬರು

ಉತ್ತರ: ಆಗುವುದಿಲ್ಲ. ಆದರೆ ಬೇಸರ ಬೇಡ, ಆಗುವಂಥದ್ದೂ ಒಂದಿದೆ.

ಪಯಸ್ವಿನಿ ಕೊಡಗಿನ ಬೆಟ್ಟ ಇಳಿದು ಸುಳ್ಯ, ಜಾಲ್ಸೂರು ಕಳೆದು ಅಡೂರಿನ ಕಡೆಯಿಂದ ನಮ್ಮ ಜಿಲ್ಲೆಗೆ ಬರುತ್ತದೆ. ಇನ್ನೊಂದು ಕವಲು ಸೇರಿದ ಮೇಲೆ ಚಂದ್ರಗಿರಿ ಹೊಳೆ ಅನ್ನಿಸಿಕೊಳ್ಳುತ್ತದೆ. ಒಟ್ಟು ಉದ್ದ ಸುಮಾರು 105 ಕಿ.ಮೀ. ಕಾಸರಗೋಡು ಜಿಲ್ಲೆಯ 12 ಹೊಳೆಗಳಲ್ಲಿ ಇದೇ ಉದ್ದದ್ದು. ನಮಗೆ ಇದು ಮಹಾನದಿ, ಹರಿಹರದವರಿಗೆ ನಗು ಬಂದರೆ ಬರಲಿ. ಮೇಲಿನ ಅರ್ಧ ದೋಣಿಯ ಹೊಳೆಯೇ ಅಲ್ಲ. ಮಳೆಗಾಲದಲ್ಲಿ ಕೆಂಪು ನೀರು ಮರದ ದಿಮ್ಮಿ ಹೊತ್ತು ಬರುತ್ತದೆ, ಬೇಸಿಗೆಯಲ್ಲಿ ಬಂಡೆ, ಮಧ್ಯೆ ಗುಂಡಿ, ಅಲ್ಲಲ್ಲಿ ಕಿಂಡಿ ಅಣೆಕಟ್ಟು. ದೋಣಿ ನಡೆಯುವುದು ಕಡಲಿನ ಏರಿಳಿತ ಮುಟ್ಟುವಷ್ಟು ದೂರ ಮಾತ್ರ. ಆ ದೂರಕ್ಕೂ ಈಗ ಮುಳಿಯಾರಿನ ಬಾವಿಕೆರೆಯಲ್ಲಿ ಒಂದು ಗಡಿ ಇದೆ. ಉಪ್ಪುನೀರು ಮೇಲೆ ಹತ್ತಿ ಕುಡಿಯುವ ನೀರು ಕೆಡದಿರಲೆಂದು ಅಲ್ಲಿ ಶಟರಿನ ಅಣೆಕಟ್ಟು ಕಟ್ಟಿದ್ದಾರೆ. ಬೇಸಿಗೆಯ ದಿನಗಳಲ್ಲಿ ಶಟರ್ ಇಳಿಸಿದ ಮೇಲೆ ಕೆಳಗಿನಿಂದ ಬಂದ ದೋಣಿ ಅಲ್ಲೇ ತಿರುಗಬೇಕು. ಹಾಗಾಗಿ ನಿಮ್ಮ ದಿನವನ್ನು ಬಾವಿಕೆರೆಯ ಕೆಳಗಿನಿಂದ ತಳಂಗರೆಯವರೆಗಿನ ಹೊಳೆಗೆ ಹೊಂದಿಸಿ. ನಡುವೆ ತೆಕ್ಕಿಲ್ ಸೇತುವೆ, ಪೆರುಂಬಳ, ಚೆಮ್ನಾಡು, ಮತ್ತೆ ಚಂದ್ರಗಿರಿ ಸೇತುವೆ, ರೈಲು ಸೇತುವೆ. ನಕ್ಷೆಯಲ್ಲಿ ನೋಡಿ "ಇಷ್ಟೇನಾ?" ಎನ್ನಬೇಡಿ. ಬಾಡಿಗೆಗೆ ಕೊಡುವವರು ಇಷ್ಟನ್ನು ಎರಡು ಗಂಟೆಯಲ್ಲಿ ಮುಗಿಸಿ ಇನ್ನೊಂದು ಗಿರಾಕಿಯನ್ನು ಹತ್ತಿಸಿಕೊಳ್ಳಲು ನೋಡುತ್ತಾರೆ. ನೀವು ಇಡೀ ಹಗಲಿಗೆ ಮಾತಾಡಿಕೊಳ್ಳಿ.

ಮುಖ್ಯ ವಿಷಯಕ್ಕೆ ಬರುತ್ತೇನೆ. ನೀವು ಮೊದಲು ದೋಣಿ ಗೊತ್ತುಮಾಡಿ ಆಮೇಲೆ ದಿನ ನೋಡುತ್ತೀರಿ. ತಿರುಗಿಸಿ ಮಾಡಿ: ಮೊದಲು ನೀರಿನ ದಿನ, ಆಮೇಲೆ ದೋಣಿ.

ನಮ್ಮ ಕರಾವಳಿಯಲ್ಲಿ ಕಡಲು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತು ಏಳು ಗಂಟೆಗೆ ತುಂಬಿದ ನೀರು ನಾಳೆ ಏಳು ಐವತ್ತಕ್ಕೆ ತುಂಬುತ್ತದೆ. ನಿಮಗೆ ಬೇಕಾದದ್ದು ಬೆಳಿಗ್ಗೆ ಏಳರ ಆಸುಪಾಸಿಗೆ ಉಬ್ಬರ ಮುಗಿಯುವ ದಿನ. ಆ ದಿನ ಮಧ್ಯಾಹ್ನ ಒಂದರವರೆಗೆ ನೀರು ಕಡಲಿನ ಕಡೆ ಇಳಿಯುತ್ತಿರುತ್ತದೆ, ನೀವೂ ಅದರ ಜೊತೆ ಇಳಿಯುತ್ತೀರಿ. ಊಟ ಮುಗಿಯುವ ಹೊತ್ತಿಗೆ ನೀರು ತಿರುಗುತ್ತದೆ, ಸಂಜೆಯವರೆಗೆ ನಿಮ್ಮನ್ನು ಮೇಲಕ್ಕೆ ತಳ್ಳುತ್ತದೆ. ದಿನಕ್ಕೆ ಐವತ್ತು ನಿಮಿಷ ಜಾರುವ ಲೆಕ್ಕದಲ್ಲಿ ಇಂಥ ಬೆಳಗು ಹೆಚ್ಚುಕಡಿಮೆ ಹದಿನೈದು ದಿನಕ್ಕೊಮ್ಮೆ ಬರುತ್ತದೆ, ಅದರ ಹಿಂದೆ ಮುಂದೆ ಒಂದೆರಡು ದಿನವೂ ನಡೆಯುತ್ತದೆ. ಸರ್ವೆ ಆಫ್ ಇಂಡಿಯಾ ಪ್ರತಿವರ್ಷ ಉಬ್ಬರ-ಇಳಿತದ ಪಟ್ಟಿ ಅಚ್ಚು ಹಾಕುತ್ತದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಜಾಲತಾಣದಲ್ಲೂ ಸಮಯ ಸಿಗುತ್ತದೆ. ಪಟ್ಟಿಯ ಸಮಯ ಕಡಲಂಚಿನದು, ಒಳಗೆ ಹೋದಷ್ಟೂ ತಡ ಎಂಬುದು ನೆನಪಿರಲಿ. ಇಷ್ಟೆಲ್ಲ ರಗಳೆ ಬೇಡ ಅನಿಸಿದರೆ ತಳಂಗರೆಯ ಯಾವ ಹಳೆಯ ದೋಣಿಯವರನ್ನಾದರೂ ಕೇಳಿ. ಅವರನ್ನು ನಾವು "ಇಚ್ಚಾ" ಎಂದು ಕರೆಯುವುದು, ನೀವೂ ಹಾಗೇ ಕರೆಯಿರಿ. ತಿಥಿ ಕೇಳಿ, ಬೆರಳು ಮಡಚಿ ಹೇಳಿಬಿಡುತ್ತಾರೆ.

ಇದಕ್ಕೆ ಗಾಳಿಯ ಲೆಕ್ಕವೂ ಕೂಡಿಕೊಳ್ಳುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ಮೆಲ್ಲನೆ ಗಾಳಿ, ಹೊಳೆ ನುಣ್ಣಗೆ ಇರುತ್ತದೆ. ಮಧ್ಯಾಹ್ನ ನೆಲ ಕಾದ ಮೇಲೆ ಕಡಲ ಗಾಳಿ ಬೀಸುತ್ತದೆ. ನೀರು ಕಡಲಿಗೆ ಇಳಿಯುತ್ತಿರುವಾಗ ಗಾಳಿ ಎದುರಿನಿಂದ ಬಂದರೆ ಅಲೆ ಗಿಡ್ಡವಾಗಿ, ಕಡಿದಾಗಿ ಏಳುತ್ತದೆ. ಸಣ್ಣ ದೋಣಿಯಲ್ಲಿ ಮುಂದೆ ಕೂತವರ ಸೀರೆ ಒದ್ದೆ. ಅದೇ ಗಾಳಿ ಏರು ನೀರಿನ ಜೊತೆ ಒಂದೇ ದಿಕ್ಕಿಗೆ ಹೋದರೆ ಎಂಜಿನ್ ಅರ್ಧಕ್ಕೆ ಇಳಿಸಿದರೂ ದೋಣಿ ಓಡುತ್ತದೆ. ನಾನು ಹೇಳಿದ ದಿನಕ್ಕೆ ಎರಡೂ ನಿಮ್ಮ ಪರವಾಗಿಯೇ ಇರುತ್ತವೆ.

ಏನು ನೋಡಬಹುದು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ತೆಕ್ಕಿಲ್ ಸೇತುವೆಯ ಮೇಲೆ ರಾಷ್ಟ್ರೀಯ ಹೆದ್ದಾರಿಯ ಲಾರಿಗಳ ಗಲಾಟೆ. ಅದು ಹಿಂದೆ ಬಿದ್ದ ಮೇಲೆ ಎರಡೂ ದಡದಲ್ಲಿ ತೆಂಗು, ಮುರಕಲ್ಲಿನ ಕಟ್ಟೆ, ಬಟ್ಟೆ ಒಗೆಯುವ ಮೆಟ್ಟಿಲು. ನೀರುಕಾಗೆಗಳು ರೆಕ್ಕೆ ಬಿಚ್ಚಿ ಕೂತಿರುತ್ತವೆ. ಚೆಮ್ನಾಡು ಬರುವಾಗ ಎಡಕ್ಕೆ, ಅಂದರೆ ದಕ್ಷಿಣ ದಡದ ಗುಡ್ಡದ ಮೇಲೆ, ಚಂದ್ರಗಿರಿ ಕೋಟೆ. ಕೆಳದಿಯ ಶಿವಪ್ಪನಾಯಕ 17ನೇ ಶತಮಾನದಲ್ಲಿ ಕಟ್ಟಿಸಿದ್ದು. ಕೋಟೆಯಿಂದ ಹೊಳೆ ನೋಡಿದವರು ಬೇಕಾದಷ್ಟು ಜನ ಇದ್ದಾರೆ. ಹೊಳೆಯಿಂದ ಕೋಟೆ ನೋಡಿದರೆ ಮಾತ್ರ ಶಿವಪ್ಪನಾಯಕನಿಗೆ ಈ ಗುಡ್ಡವೇ ಏಕೆ ಬೇಕಾಯಿತು ಎಂದು ಗೊತ್ತಾಗುತ್ತದೆ. ಅಳಿವೆಯೂ ಹೊಳೆಯ ತಿರುವೂ ಎರಡೂ ಅವನ ಕಣ್ಣಳತೆಯಲ್ಲೇ. ಆಮೇಲೆ ಬಲಕ್ಕೆ ತಳಂಗರೆ, ಮಾಲಿಕ್ ದೀನಾರ್ ಮಸೀದಿಯ ಊರು. ಎದುರು ದಡದಲ್ಲಿ ಕೀಯೂರಿನ ಮೀನುಗಾರಿಕೆ ಬಂದರು.

ಅಲ್ಲಿಗೆ ಸಾಕು. "ಇಷ್ಟು ಬಂದಿದ್ದೇವೆ, ಕಡಲನ್ನೂ ಒಮ್ಮೆ ಮುಟ್ಟಿ ಬರೋಣ" ಎಂದು ಮಕ್ಕಳು ಹಟ ಹಿಡಿಯುತ್ತಾರೆ. ಅಳಿವೆಬಾಗಿಲಲ್ಲಿ ಮರಳುದಿಬ್ಬ ವರ್ಷವರ್ಷವೂ ಜಾಗ ಬದಲಿಸುತ್ತದೆ, ಹೊರಗೆ ಹೋಗುವ ನೀರಿಗೆ ಅಲೆ ಢಿಕ್ಕಿ ಹೊಡೆಯುತ್ತದೆ. ಮೀನಿನವರು ಅದನ್ನು ದಿನಾ ದಾಟುತ್ತಾರೆ, ಅದು ಅವರ ಕಸುಬು. ನಿಮ್ಮದಲ್ಲ.

ಅತ್ತೆಯವರ ವಿಷಯ. ಯಾರೂ ಹೇಳದ ಮಾತು: ಸಣ್ಣ ದೋಣಿಯಲ್ಲಿ ಕಕ್ಕಸು ಇರುವುದಿಲ್ಲ. ಇಳಿಯುವ ಕಡವುಗಳನ್ನು, ಹೋಗಬಹುದಾದ ಜಾಗವನ್ನು ಮೊದಲೇ ಮಾತಾಡಿಟ್ಟುಕೊಳ್ಳಿ. ಇಲ್ಲವಾದರೆ ಅವರು ಬೆಳಿಗ್ಗೆಯಿಂದ ನೀರೇ ಕುಡಿಯದೆ ಕೂತು ಮಧ್ಯಾಹ್ನ ತಲೆಸುತ್ತು ಎನ್ನುತ್ತಾರೆ. ಹತ್ತಿಸುವಾಗ ಒಬ್ಬರು ದೋಣಿಯ ಒಳಗೆ, ಒಬ್ಬರು ದಡದಲ್ಲಿ ನಿಲ್ಲಿ. ಅಂಚಿನ ಮೇಲೆ ಕಾಲಿಡದೆ ನೇರ ನಡುವಿಗೆ ಹೆಜ್ಜೆ ಇಡಿಸಿ. ಇಳಿ ನೀರಿನಲ್ಲಿ ಕಡವಿನ ಕೆಳಗಿನ ಮೆಟ್ಟಿಲುಗಳು ಪಾಚಿ ಹಿಡಿದು ಜಾರುತ್ತವೆ. ಊಟಕ್ಕೆ ಇಳಿದಾಗ ಅವರನ್ನು ಕೈಹಿಡಿದೇ ಹತ್ತಿಸಿ.

ಮತ್ತೆ, ಸ್ಪೀಕರ್ ತರಬೇಡಿ. ಇದು ನನ್ನ ಸ್ವಂತ ವಿನಂತಿ.

ಪ್ರಶ್ನೆ: ಟೀಚರೇ, ನಾನು ಕುಂಬಳೆಯವನು, ಈಗ ಬೆಂಗಳೂರಿನಲ್ಲಿ. ಆಫೀಸಿನ ಗೆಳೆಯರು ಹೌಸ್‌ಬೋಟ್ ಎಂದರೆ ಆಲಪ್ಪುಳ ಎನ್ನುತ್ತಾರೆ. ನಮ್ಮ ಜಿಲ್ಲೆಯಲ್ಲೇ ಇದೆ ಎಂದು ವಾದ ಮಾಡಿ, ಕೋಟ್ಟಪ್ಪುರಂ ಎಂದು ಹುಡುಕಿದರೆ ಮೊಬೈಲು ತ್ರಿಶೂರಿನ ಕಡೆ ದಾರಿ ತೋರಿಸುತ್ತದೆ! ಒಂದು ಹಗಲಿಗೆ ಅಲ್ಲಿ ಏನಿದೆ?
— ವೈಟ್‌ಫೀಲ್ಡಿನಿಂದ

ಉತ್ತರ: ಮೊಬೈಲಿನ ತಪ್ಪಲ್ಲ ಮಾರಾಯ. ಕೊಡುಂಗಲ್ಲೂರಿನ ಹತ್ತಿರವೂ ಒಂದು ಕೋಟ್ಟಪ್ಪುರಂ ಇದೆ, ಕೊಲ್ಲಂನಿಂದ ಬರುವ ರಾಷ್ಟ್ರೀಯ ಜಲಮಾರ್ಗ 3 ಮುಟ್ಟುವುದು ಅದನ್ನು. ನಮ್ಮದು ನೀಲೇಶ್ವರದ ಕೋಟ್ಟಪ್ಪುರಂ. ನೀಲೇಶ್ವರ ಎಂದು ಸೇರಿಸಿ ಹುಡುಕು.

ಅಲ್ಲಿಗೆ ಬರುವುದು ತೇಜಸ್ವಿನಿ, ಅಂದರೆ ಕಾರ್ಯಂಗೋಡು ಹೊಳೆ. ಅದೂ ಕೊಡಗಿನ ಗಡಿಯ ಬ್ರಹ್ಮಗಿರಿಯದು. ಹೊಳೆಯ ಮೇಲ್ಭಾಗದಲ್ಲಿ ಕಯ್ಯೂರು ಇದೆ. 1941ರ ಮಾರ್ಚಿನಲ್ಲಿ ರೈತರ ಮೆರವಣಿಗೆಯ ನಡುವೆ ಸಿಕ್ಕಿದ ಪೊಲೀಸನೊಬ್ಬ ಇದೇ ಹೊಳೆಗೆ ಹಾರಿ ಸತ್ತ. ಆ ಮೊಕದ್ದಮೆಯಲ್ಲಿ ನಾಲ್ವರು ಯುವಕರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ನಿರಂಜನರ ‘ಚಿರಸ್ಮರಣೆ’ ಓದಿದವರಿಗೆ ಈ ಕಥೆ ಹೊಸತಲ್ಲ. ದೋಣಿಯಲ್ಲಿ ಕಯ್ಯೂರಿನವರೆಗೆ ಹೋಗುವ ಆಸೆ ಇದ್ದರೆ ಪಾಲಾಯಿಯ ಶಟರ್ ಸೇತುವೆ ತೆರೆದಿದೆಯೇ ಎಂದು ಕೇಳು. ಮುಚ್ಚಿದ್ದರೆ ಅಲ್ಲಿಗೆ ರಸ್ತೆಯಲ್ಲೇ ಹೋಗಬೇಕು.

ಹೌಸ್‌ಬೋಟುಗಳು ಸಾಮಾನ್ಯವಾಗಿ ತೆಂಕು ಹಿಡಿಯುತ್ತವೆ. ಅಚ್ಚಾಂತುರುತ್ತಿ ಬದಿಯಿಂದ ವಲಿಯಪರಂಬದ ಒಳನೀರಿಗೆ. ವಲಿಯಪರಂಬ ಎಂದರೆ ಸುಮಾರು 24 ಕಿ.ಮೀ. ಉದ್ದದ ಒಂದು ಮರಳಪಟ್ಟಿ, ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಒಳನೀರು. ಕೆಲವು ಕಡೆ ಈ ದಡದಲ್ಲಿ ನಿಂತರೆ ಆ ದಡದ ಅಲೆಯ ಸದ್ದು ಕೇಳುತ್ತದೆ. ಆಲಪ್ಪುಳದಲ್ಲಿ ಇದು ಸಿಗುವುದಿಲ್ಲ, ನಿನ್ನ ಗೆಳೆಯರಿಗೆ ಹೇಳು. ನೀರಿನಲ್ಲಿ ಬಿದಿರಿನ ಚಪ್ಪರಗಳು ಕಂಡರೆ ಅದು ಪಚ್ಚಿಲೆ ಕೃಷಿ, ಮಲಯಾಳಿಗಳ ಕಲ್ಲುಮ್ಮಕ್ಕಾಯಿ. ನವೆಂಬರ್, ಡಿಸೆಂಬರಿನಲ್ಲಿ ಹಗ್ಗಕ್ಕೆ ಮರಿ ಕಟ್ಟಿ ಇಳಿಸುತ್ತಾರೆ, ಮಳೆ ಬಿದ್ದು ನೀರು ಸಿಹಿಯಾಗುವ ಮೊದಲು, ಏಪ್ರಿಲ್-ಮೇ ಹೊತ್ತಿಗೆ, ಎತ್ತುತ್ತಾರೆ. 1990ರ ದಶಕದ ಕೊನೆಗೆ ಶುರುವಾದ ಈ ಕೆಲಸದಲ್ಲಿ ಹೆಚ್ಚಿನವರು ಹೆಂಗಸರು. ನಿಮ್ಮ ಸ್ರಾಂಕ್, ಅಂದರೆ ಬೋಟು ನಡೆಸುವವ, ಅದರ ಹತ್ತಿರ ಬೋಟು ತಿರುಗಿಸಿದರೆ ಒಂದು ಮಾತು ಹೇಳು. ಹಗ್ಗಕ್ಕೆ ಪಂಖ ತಗಲಿದರೆ ಹೋಗುವುದು ಯಾವುದೋ ಮನೆಯ ಒಂದು ವರ್ಷದ ದುಡಿಮೆ. ಇಡಯಿಲಕ್ಕಾಡಿನಲ್ಲಿ ಇಳಿಯಬಹುದು, ನಾಗಬನದಲ್ಲಿ ಮಂಗಗಳ ದೊಡ್ಡ ಸಂಸಾರ ಇದೆ. ಕೈಯಲ್ಲಿ ಚೀಲ ಇಟ್ಟುಕೊಂಡು ಹೋಗಬೇಡ. ಕವ್ವಾಯಿ ಹತ್ತಿರವಾದಂತೆ ದಕ್ಷಿಣದಲ್ಲಿ ಏಳಿಮಲೆ ಕಾಣುತ್ತದೆ. ಅಲ್ಲಿಂದ ಮುಂದೆ ಕಣ್ಣೂರು ಜಿಲ್ಲೆ.

ರಾತ್ರಿ ಉಳಿಯುವ ಪ್ಯಾಕೇಜು ನನಗೇನೂ ದೊಡ್ಡದೆನಿಸುವುದಿಲ್ಲ. ಸಂಜೆ ಬಲೆ ಹಾಕುವ ಹೊತ್ತಿಗೆ ಬೋಟು ಕಟ್ಟಿ ನಿಲ್ಲಿಸುತ್ತಾರೆ. ಆಮೇಲೆ ಎಸಿಯೂ ಸೊಳ್ಳೆಯೂ. ಹಗಲಿನದೇ ತೆಗೆದುಕೊಂಡು, ಉಳಿದ ದುಡ್ಡಿನಲ್ಲಿ ತ್ರಿಕ್ಕರಿಪುರದಲ್ಲಿ ಅರಿಕಡುಕ್ಕ ತಿನ್ನಿ: ಪಚ್ಚಿಲೆಯ ಚಿಪ್ಪಿಗೆ ಅಕ್ಕಿಹಿಟ್ಟು ತುಂಬಿ ಬೇಯಿಸಿ ಹುರಿದದ್ದು. ಖರ್ಚೇ ಬೇಡ ಎನ್ನುವವರಿಗೆ ಆಯಿಟ್ಟಿಯಿಂದ ಕೇರಳ ಜಲಸಾರಿಗೆ ಇಲಾಖೆಯ ಬೋಟು ಇದೆ. ಸಮಯ ವಿಚಾರಿಸಿಕೊಂಡು ಹೋಗಿ. ಮೀನು ಬುಟ್ಟಿಯವರ ಜೊತೆ ಅದೇ ನೀರು, ಅದೇ ನೋಟ.

ಪ್ರಶ್ನೆ: ಹೆಸರು ಬೇಡ. ಕಳೆದ ಬೇಸಿಗೆಯಲ್ಲಿ ಮಗಳ ಹುಟ್ಟುಹಬ್ಬಕ್ಕೆ ದೋಣಿ ಗೊತ್ತುಮಾಡಿ ಮುಂಗಡ ಕೊಟ್ಟಿದ್ದೆ. ಹೇಳಿದ್ದು ನಾಲ್ಕು ಗಂಟೆ, ಬಂದದ್ದು ಆರಕ್ಕೆ. ಬಂದದ್ದೂ ಮೀನಿನ ದೋಣಿ, ಮೇಲೆ ತಗಡಿನ ಮಾಡು, ಪ್ಲಾಸ್ಟಿಕ್ ಕುರ್ಚಿ. ಲೈಫ್ ಜಾಕೆಟ್ ಕೇಳಿದರೆ "ಹೊಳೆಗೆ ಯಾಕೆ ಸಾರ್" ಎಂದರು. ನಾನು ಹತ್ತಿಸಲಿಲ್ಲ, ಮುಂಗಡ ಹೋಯಿತು. ಹೆಂಡತಿ ಇವತ್ತಿಗೂ "ನಿಮಗೆ ಸುಮ್ಮನೆ ಹೆದರಿಕೆ" ಎಂದು ತಮಾಷೆ ಮಾಡುತ್ತಾಳೆ. ನಾನು ಮಾಡಿದ್ದು ಹೆಚ್ಚಾಯಿತೇ?
— ಪುತ್ತೂರು

ಉತ್ತರ: ಹೆಚ್ಚಾಗಲಿಲ್ಲ. ಈ ಪುಟವನ್ನು ಮನೆಯಲ್ಲಿ ಓದಿ ಹೇಳಿ.

2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ, ಪೂರಪ್ಪುಳ ಹೊಳೆಯಲ್ಲಿ ವಿಹಾರದ ದೋಣಿ ಮಗುಚಿ 22 ಜನ ಸತ್ತರು, ಬಹಳ ಮಂದಿ ಮಕ್ಕಳು. ಅದೂ ಮೀನಿನ ದೋಣಿಯನ್ನು ಮಾರ್ಪಡಿಸಿದ್ದೇ. ಅದೂ ಹೊತ್ತು ಮುಳುಗಿದ ಮೇಲೆಯೇ. ಅದೂ ಹಿಡಿಯುವುದಕ್ಕಿಂತ ಹೆಚ್ಚು ಜನರನ್ನು ತುಂಬಿಕೊಂಡೇ. 2007ರಲ್ಲಿ ತಟ್ಟೇಕ್ಕಾಡಿನಲ್ಲಿ 18 ಜನ, ಶಾಲಾ ಪ್ರವಾಸದ ಮಕ್ಕಳು ಮತ್ತು ಟೀಚರುಗಳು. 2009ರಲ್ಲಿ ತೇಕ್ಕಡಿಯ ಕೆರೆಯಲ್ಲಿ ಎರಡಂತಸ್ತಿನ ದೋಣಿ ಒಂದು ಬದಿಗೆ ವಾಲಿ 45 ಜನ. ಇವುಗಳಲ್ಲಿ ಒಂದೂ ಕಡಲಲ್ಲಿ ಆದದ್ದಲ್ಲ. "ಹೊಳೆಗೆ ಯಾಕೆ ಸಾರ್" ಎಂದವರಿಗೆ ಇಷ್ಟೇ ಉತ್ತರ.

ಮೀನಿನ ದೋಣಿ ತನ್ನ ಕೆಲಸಕ್ಕೆ ಒಳ್ಳೆಯದೇ. ಅದರ ಭಾರ ಹೊಟ್ಟೆಯೊಳಗೆ, ಕೆಳಗೆ ಇರಬೇಕೆಂದು ಕಟ್ಟಿದ್ದು: ಮೀನು, ಮಂಜುಗಡ್ಡೆ, ಬಲೆ. ನೀವು ಅದನ್ನೆಲ್ಲ ತೆಗೆದು ಮೇಲೊಂದು ಹಲಗೆ ಹಾಸಿ ಅದರ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಜನ ಇಟ್ಟರೆ ಭಾರ ಎತ್ತರಕ್ಕೆ ಹೋಯಿತು. ಎಲ್ಲರೂ ಫೋಟೋಕ್ಕೆ ಒಂದೇ ಬದಿಗೆ ಬಂದರೆ ದೋಣಿಗೆ ಹಿಂದಕ್ಕೆ ಎದ್ದು ನಿಲ್ಲುವ ಶಕ್ತಿ ಇರುವುದಿಲ್ಲ. ಅಂಟಿಸದ ಪ್ಲಾಸ್ಟಿಕ್ ಕುರ್ಚಿ ಬೇರೆ, ವಾಲಿದ ಕಡೆಗೇ ಜಾರುತ್ತದೆ. ಕುರ್ಚಿ ಕಂಡರೇ ಸಾಕು, ನಾನು ಹತ್ತುವುದಿಲ್ಲ.

ಮುಂದಿನ ಸಲ ದುಡ್ಡು ಕೊಡುವ ಮೊದಲು ದಕ್ಕೆಗೆ ಹೋಗಿ ದೋಣಿ ನೋಡಿ. ಎಂಜಿನ್ನಿನ ಪ್ರಯಾಣಿಕ ದೋಣಿಗೆ ಕೇರಳ ಮ್ಯಾರಿಟೈಮ್ ಬೋರ್ಡಿನ ನೋಂದಣಿ ಇರಬೇಕು, ಮೈಮೇಲೆ ಕೆಐವಿ ಎಂದು ಶುರುವಾಗುವ ಸಂಖ್ಯೆ ಬರೆದಿರುತ್ತಾರೆ. ಎಷ್ಟು ಜನ ಹತ್ತಬಹುದು ಎಂಬುದೂ ಕಾಣುವಂತೆ ಬರೆದಿರಬೇಕು. ಸರ್ವೆ ಸರ್ಟಿಫಿಕೇಟು, ವಿಮೆ, ಸ್ರಾಂಕಿನ ಲೈಸೆನ್ಸು ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಅದೂ ಒಂದು ಉತ್ತರವೇ. ಜಾಕೆಟ್ಟುಗಳನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಸಿ, ಬಕಲು ಹಾಕಿ ನೋಡಿ. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು. ದೊಡ್ಡವರದನ್ನು ಕಟ್ಟಿದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ, ಮಗು ಕೆಳಗೆ. ಹೊತ್ತು ಮುಳುಗುವ ಮೊದಲು ದಡದಲ್ಲಿರುವಂತೆ ಸಮಯ ಇಟ್ಟುಕೊಳ್ಳಿ, ತಡವಾಗಿ ಬಂದರೆ ಅಷ್ಟು ಹೊತ್ತನ್ನು ಪ್ರಯಾಣದಿಂದಲೇ ಕಳೆಯಿರಿ.

ಮೇ ಕೊನೆಯ ಪತ್ತನಾಜೆ ಕಳೆದ ಮೇಲಂತೂ ದೋಣಿಯ ಮಾತೇ ಬೇಡ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಊರು ಇದು, ಅದರಲ್ಲಿ ಹೆಚ್ಚಿನದೂ ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಅಕ್ಟೋಬರಿನಲ್ಲೂ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು.

ಮುಂಗಡ ವಾಪಸು ಕೇಳಿ ಲಿಖಿತವಾಗಿ ಒಂದು ಪತ್ರ ಕಳಿಸಿ, ದುಡ್ಡು ಹಾಕಿದ ದಾಖಲೆ ಇದ್ದರೆ ಜೊತೆಗಿಡಿ. ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೂ ಮಾತಾಡಬಹುದು. ಒಂದು ಪ್ರತಿ ಜಿಲ್ಲಾ ಪ್ರವಾಸೋದ್ಯಮ ಮಂಡಳಿಗೂ ಹೋಗಲಿ. ಅದು ದುಡ್ಡಿಗಾಗಿ ಅಲ್ಲ, ಆ ಕುರ್ಚಿಗಳಿಗಾಗಿ.

ಪ್ರಶ್ನೆ: ಹಿಂದಿನ ಕಾಲದಲ್ಲಿ ಚಂದ್ರಗಿರಿ ಹೊಳೆ ದಾಟಬಾರದು ಎಂಬ ನಿಯಮ ಇತ್ತಂತೆ, ನಿಜವೇ?
— ಮುಳ್ಳೇರಿಯ

ಉತ್ತರ: ಎಲ್ಲರಿಗೂ ಅಲ್ಲ. ದಕ್ಷಿಣದ ನಾಯರ್ ಹೆಂಗಸರು ಈ ಹೊಳೆ ದಾಟಿ ಉತ್ತರಕ್ಕೆ ಬರಬಾರದು ಎಂಬ ಕಟ್ಟುಪಾಡು ಇತ್ತು. ತುಳುನಾಡು ಮತ್ತು ಮಲಯಾಳ ನಾಡಿನ ನಡುವಿನ ಗೆರೆ ಎಂದೇ ಇದನ್ನು ಎಣಿಸುತ್ತಿದ್ದರು. ಆ ಗೆರೆ ಹೊಸ ಕಾಲಕ್ಕೂ ಉಳಿಯಿತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. 1967ರ ಮಹಾಜನ ವರದಿ ಚಂದ್ರಗಿರಿಯ ಉತ್ತರದ ಭಾಗವನ್ನು ಮೈಸೂರಿಗೆ ಸೇರಿಸಬೇಕು ಎಂದಿತು. ಅದು ಜಾರಿಗೆ ಬರಲಿಲ್ಲ, ನಿಮಗೂ ಗೊತ್ತು, ನನಗೂ ಗೊತ್ತು. ಈಗ ಬಸ್ಸಿನಲ್ಲಿ ಸೇತುವೆ ದಾಟಲು ಒಂದು ನಿಮಿಷ ಸಾಕು.

ಪ್ರಶ್ನೆ: ಟೀಚರ್, ನಾನು ಏಳನೇ ತರಗತಿ. ಅಪ್ಪ ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ಹೊಳೆಯ ನೀರು ಎಲ್ಲಿಂದ ಉಪ್ಪಾಗುತ್ತದೆ ಎಂದು ತಿಳಿಯುವುದು ಹೇಗೆ? ಕುಡಿದು ನೋಡಬೇಡ ಎಂದು ಅಮ್ಮ ಹೇಳಿದ್ದಾರೆ.
— ಬೋವಿಕ್ಕಾನ

ಉತ್ತರ: ಅಮ್ಮ ಹೇಳಿದ್ದು ಸರಿ. ಮೊದಲು ದಡ ನೋಡು. ಕೆಸರಿನಿಂದ ಕಡ್ಡಿಯಂಥ ಬೇರು ಮೇಲೆದ್ದ ಕಾಂಡ್ಲಾ ಗಿಡಗಳು ಎಲ್ಲಿಯವರೆಗೆ ಇವೆಯೋ ಅಲ್ಲಿಯವರೆಗೆ ಉಪ್ಪು ಬಂದು ಹೋಗುತ್ತದೆ. ಆದರೆ ಅದು ವರ್ಷಗಳ ಲೆಕ್ಕ, ಇವತ್ತಿನದು ಬೇರೆ.

ಉಪ್ಪುನೀರು ಭಾರ, ಸಿಹಿನೀರು ಹಗುರ. ಉಬ್ಬರದ ಹೊತ್ತಿಗೆ ಕಡಲ ನೀರು ಹೊಳೆಯ ತಳದಲ್ಲಿ ನುಗ್ಗಿ ಬರುತ್ತದೆ, ಸಿಹಿನೀರು ಅದರ ಮೇಲೆ ಎಣ್ಣೆ ತೇಲಿದ ಹಾಗೆ ಹರಿಯುತ್ತಿರುತ್ತದೆ. ಮೇಲಿನ ನೀರು ಮಾತ್ರ ನೋಡಿದವನು "ಇಲ್ಲಿ ಉಪ್ಪಿಲ್ಲ" ಎನ್ನುತ್ತಾನೆ. ಬಾವಿಕೆರೆಯ ಅಣೆಕಟ್ಟು ಬರುವ ಮೊದಲು ಬೇಸಿಗೆಯಲ್ಲಿ ಕಾಸರಗೋಡು ಪೇಟೆಯ ನಲ್ಲಿ ನೀರೇ ಉಪ್ಪಾಗುತ್ತಿತ್ತು. ಮಳೆ ನಿಂತು ಮೇಲಿನಿಂದ ತಳ್ಳುವ ನೀರು ಕಡಿಮೆಯಾದಾಗ ಉಪ್ಪು ಅಷ್ಟು ಮೇಲೆ ಹತ್ತುತ್ತಿತ್ತು.

ನೀನು ಹೀಗೆ ಮಾಡು. ಒಂದು ಸಣ್ಣ ಬಾಟ್ಲಿಗೆ ಕಲ್ಲು ಕಟ್ಟು, ಬಿರಡೆಗೆ ಬೇರೆ ದಾರ ಕಟ್ಟು. ದೋಣಿ ನಿಂತಾಗ ಅಪ್ಪನ ಕೈ ಹಿಡಿದುಕೊಂಡು ಬಾಟ್ಲಿಯನ್ನು ತಳಕ್ಕೆ ಇಳಿಸಿ, ಆಮೇಲೆ ಬಿರಡೆಯ ದಾರ ಎಳೆ. ತಳದ ನೀರು ಒಂದು ಬಾಟ್ಲಿ, ಮೇಲಿನ ನೀರು ಇನ್ನೊಂದು ಬಾಟ್ಲಿ. ಮನೆಗೆ ತಂದು ಎರಡೂ ಒಂದೇ ಅಳತೆಯಲ್ಲಿ ಬೇರೆ ಬೇರೆ ಸ್ಟೀಲ್ ತಟ್ಟೆಗೆ ಹಾಕಿ ಬಿಸಿಲಿಗೆ ಇಡು. ನೀರು ಆರಿದ ಮೇಲೆ ಯಾವುದರಲ್ಲಿ ಬಿಳಿ ಪುಡಿ ಹೆಚ್ಚು ಉಳಿಯಿತೆಂದು ನೋಡು. ತೆಕ್ಕಿಲಿನಲ್ಲಿ ಒಮ್ಮೆ, ತಳಂಗರೆಯಲ್ಲಿ ಒಮ್ಮೆ ನೀರು ತೆಗೆ, ಬಾಟ್ಲಿಗೆ ಜಾಗ, ಗಂಟೆ ಬರೆದ ಚೀಟಿ ಅಂಟಿಸಲು ಮರೆಯಬೇಡ. ಗಂಟೆ ಬರೆಯದಿದ್ದರೆ ನೀರು ಏರುತ್ತಿತ್ತೋ ಇಳಿಯುತ್ತಿತ್ತೋ ಗೊತ್ತಾಗುವುದಿಲ್ಲ, ನಾನು ಮಾರ್ಕು ಕೊಡುವುದಿಲ್ಲ.